ಉಳಿದ ಮೈ ಎಲ್ಲಿ?

ಮಕ್ಕಳನ್ನ ಮ್ಯೂಸಿಯಂಗೆ ಕರ್ಕೊಂಡು ಹೋದ್ರೆ ಹತ್ತೇ ನಿಮಿಷಕ್ಕೆ "ಮನೆಗೆ ಹೋಗೋಣ" ಅಂತಾರೆ ಅನ್ನೋದು ನಮ್ಮೆಲ್ಲರ ದೂರು. ತಪ್ಪು ಮಕ್ಕಳದ್ದಲ್ಲ. ನಾವು ಫಲಕ ಓದಿ ಹೆಸರು, ಇಸವಿ ಒಪ್ಪಿಸ್ತೀವಿ, ಅಷ್ಟೆ.

ಆಫೀಸ್ ಕೆಲಸದ ಮೇಲೆ ಇಟಲಿಗೆ ಹೋಗಿದ್ದಾಗ ಒಂದು ದಿನ ರಜೆ ಹಾಕಿ ರೋಮ್‌ನ ಕ್ಯಾಪಿಟೋಲೈನ್ ಮ್ಯೂಸಿಯಂ ನೋಡಿದೆ. ಒಳಗಿನ ಅಂಗಳದಲ್ಲಿ ಗೋಡೆಗೆ ಒರಗಿಸಿದ ಹಾಗೆ ಅಮೃತಶಿಲೆಯ ತುಂಡುಗಳಿವೆ. ಸುಮಾರು ಎರಡೂವರೆ ಮೀಟರಿನ ತಲೆ, ಬೆರಳು ಮೇಲೆತ್ತಿದ ಕೈ, ಎರಡು ಮೀಟರಿನಷ್ಟು ಉದ್ದದ ಪಾದ. 4ನೇ ಶತಮಾನದ ಚಕ್ರವರ್ತಿ ಕಾನ್‌ಸ್ಟಂಟೈನ್‌ನ ವಿಗ್ರಹದವು, 1486ರಲ್ಲಿ ಸಿಕ್ಕವು.

ಅಲ್ಲಿಗೆ ಒಂದು ಶಾಲೆಯ ಮಕ್ಕಳು ಬಂದಿದ್ರು. ಟೀಚರ್ ಇಸವಿ ಹೇಳಲಿಲ್ಲ. ಒಬ್ಬ ಹುಡುಗನನ್ನ ಪಾದದ ಪಕ್ಕ ನಿಲ್ಲಿಸಿದರು. ಪಾದವೇ ಅವನಿಗಿಂತ ಉದ್ದ! ಎಲ್ಲರೂ ನಕ್ಕರು. ಆಮೇಲೆ ಅವರು ಕೈಯಲ್ಲಿ ಗಾಳಿಯಲ್ಲೇ ದೊಡ್ಡ ದೇಹ ಬರೆದು ಏನೋ ಕೇಳಿದರು. ನನಗೆ ಇಟಾಲಿಯನ್ ಬರಲ್ಲ, ಆದ್ರೆ ಪ್ರಶ್ನೆ ಅರ್ಥ ಆಯ್ತು: ಉಳಿದ ಮೈ ಎಲ್ಲಿ?

ನಾನಾಗಿದ್ರೆ "ಒಡೆದು ಹೋಗಿದೆ" ಅಂತಿದ್ದೆ. ನಿಜ ಏನಂದ್ರೆ ಆ ಮೈ ಕಲ್ಲಿನದ್ದೇ ಆಗಿರಲಿಲ್ಲ. ಬಟ್ಟೆಯಿಂದ ಹೊರಗೆ ಕಾಣುವ ಚರ್ಮದ ಭಾಗಗಳು ಮಾತ್ರ ಅಮೃತಶಿಲೆ. ಮುಂಡಕ್ಕೆ ಒಳಗೆ ಇಟ್ಟಿಗೆ, ಮರ, ಮೇಲೆ ಕಂಚಿನ ಹೊದಿಕೆ ಇದ್ದಿರಬೇಕು ಅಂತ ವಿದ್ವಾಂಸರ ಊಹೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪಕ್ಕಾ ಕಾಸ್ಟ್ ಕಟಿಂಗ್! ತುಂಡುಗಳನ್ನ 3ಡಿ ಸ್ಕ್ಯಾನ್ ಮಾಡಿ, ಸುಮಾರು 13 ಮೀಟರ್ ಎತ್ತರದ ಪೂರ್ತಿ ಪ್ರತಿಕೃತಿಯನ್ನೇ 2024ರಲ್ಲಿ ಪಕ್ಕದ ತೋಟದಲ್ಲಿ ಕೂರಿಸಿದರು.

ಇನ್ನೊಂದು ವಿಷಯ. ಆ ಮುಖ ಮೊದಲಿನಿಂದ ಕಾನ್‌ಸ್ಟಂಟೈನ್‌ನದ್ದಲ್ಲ. ಬೇರೆ ಯಾರದೋ ಹಳೇ ವಿಗ್ರಹವನ್ನ ಮತ್ತೆ ಕೆತ್ತಿ ಅವನದ್ದಾಗಿ ಮಾಡಿದ ಗುರುತುಗಳಿವೆ. ರೋಮ್‌ನಲ್ಲಿ ಇದು ಮಾಮೂಲು: ದ್ವೇಷಕ್ಕೆ ಗುರಿಯಾದ ಡೊಮಿಷಿಯನ್‌ನ ಎಷ್ಟೋ ತಲೆಗಳು ಮುಂದಿನ ಚಕ್ರವರ್ತಿ ನರ್ವಾನ ತಲೆಗಳಾದವು.

ಇದೇ ಮ್ಯೂಸಿಯಂನ ಒಳಗೆ ಕಂಚಿನ ಕುದುರೆ ಮೇಲೆ ಮಾರ್ಕಸ್ ಔರೇಲಿಯಸ್ ಇದ್ದಾನೆ, 2ನೇ ಶತಮಾನದವನು. ಹೊರಗಿನ ಚೌಕದಲ್ಲಿರೋದು ನಕಲು. ಇಂಥ ಕಂಚಿನ ವಿಗ್ರಹಗಳನ್ನ ಆಮೇಲಿನವರು ಕರಗಿಸಿ ಲೋಹ ಬಳಸಿಕೊಂಡರು. ಇದೊಂದು ಹೇಗೆ ಉಳೀತು? ಮಧ್ಯಯುಗದ ಜನ ಇವನನ್ನ ಕ್ರೈಸ್ತರ ಪರ ನಿಂತ ಕಾನ್‌ಸ್ಟಂಟೈನ್ ಅಂತ ತಪ್ಪು ತಿಳಿದರು! ಅಂಗಳದಲ್ಲಿ ಯಾರದೋ ಮುಖ ಅಳಿಸಿ ಕೂತವನ ಹೆಸರು, ಇಲ್ಲಿ ಇನ್ನೊಬ್ಬನ ಮುಖ ಉಳಿಸಿತು. ಇದನ್ನ ಒಂದು ಕಥೆಯಾಗಿ ಹೇಳಿ ನೋಡಿ, ಎಂಟು ವರ್ಷದ ಮಗುವೂ "ಹಾಗಾದ್ರೆ ಮೊದಲು ಯಾರ ಮುಖ ಇತ್ತು?" ಅಂತ ಕೇಳುತ್ತೆ.

ಆ ಶಾಲೆಯವರು ಮತ್ತೆ ಸಿಕ್ಕಿದ್ದು ಕಾಲಿನ ಮುಳ್ಳು ತೆಗೀತಿರೋ ಹುಡುಗನ ಕಂಚಿನ ವಿಗ್ರಹದ ಹತ್ತಿರ. 1471ರಲ್ಲಿ ಪೋಪ್ 4ನೇ ಸಿಕ್ಸ್‌ಟಸ್ ರೋಮ್‌ನ ಜನರಿಗೆ ಕೊಟ್ಟ ಕಂಚುಗಳಲ್ಲಿ ಇದೂ ಒಂದು. ಇಬ್ಬರು ಹುಡುಗರು ನೆಲದ ಮೇಲೆ ಕೂತು, ಕಾಲು ಮಡಚಿ, ತಮ್ಮ ಶೂ ಅಡಿಯಲ್ಲಿ ಮುಳ್ಳು ಹುಡುಕ್ತಾ ಇದ್ರು.