ಹಳೆಯ ಬೆಂಗಳೂರಿನ ಪೇಟೆಬೀದಿಗಳು

ಬೆಂಗಳೂರಿನ ಹಳೆಯ ಪೇಟೆಯು ಉತ್ತರದಿಂದ ದಕ್ಷಿಣಕ್ಕೆ ಒಂದು ಮೈಲಿಗಿಂತ ಹೆಚ್ಚಿಲ್ಲ. ಆತುರವಿಲ್ಲದೆ ನಡೆಯುವವನಿಗೆ ಒಂದು ಬೆಳಗಿನ ಹೊತ್ತು ಸಾಕು. ದಾರಿ ತೋರುವವರ ಅವಶ್ಯಕತೆಯೂ ಇಲ್ಲ. ಬೀದಿಗಳ ಹೆಸರುಗಳೇ ಆ ಕೆಲಸವನ್ನು ಮಾಡುತ್ತವೆ. ಹಿಂದೆ ಯಲಹಂಕದ ಬಾಗಿಲು ಇದ್ದ ಎಡೆಯಿಂದ ಹೊರಡುವುದು ಯುಕ್ತ. ಆ ಚೌಕಕ್ಕೆ ಜನರು ಮೈಸೂರು ಬ್ಯಾಂಕಿನ ಹೆಸರನ್ನಿಟ್ಟು ಕರೆಯುತ್ತಾರೆ. ೧೯೧೩ರಲ್ಲಿ ಸ್ಥಾಪಿತವಾದ ಆ ಬ್ಯಾಂಕು ೨೦೧೭ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಬಾಗಿಲೂ ಇಲ್ಲ, ಬ್ಯಾಂಕೂ ಇಲ್ಲ. ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ.

ಇಲ್ಲಿಂದ ದಕ್ಷಿಣಕ್ಕೆ ಹೋಗುವ ಬೀದಿಯೇ ದೊಡ್ಡಪೇಟೆ. ಯಲಹಂಕದ ನಾಡಪ್ರಭುವಾದ ಕೆಂಪೇಗೌಡನು ೧೫೩೭ರಲ್ಲಿ ಮಣ್ಣಿನ ಕೋಟೆಯೊಳಗೆ ಈ ಪುರವನ್ನು ಕಟ್ಟಿಸಿದನೆಂಬುದೂ, ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವಲ್ಲಿ ನಿಂತು ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿ ಬೀದಿಗಳನ್ನು ಗೊತ್ತುಮಾಡಿದನೆಂಬುದೂ ಪರಂಪರೆಯ ಮಾತು. ನೇಗಿಲಿನ ಕಥೆ ನಿಜವೋ ಅಲ್ಲವೋ, ಬೀದಿಗಳು ಅಲ್ಲಿಯೇ ಒಂದನ್ನೊಂದು ಅಡ್ಡಹಾಯ್ದಿರುವುದಂತೂ ನಿಜ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ ಎಂಬಿವುಗಳನ್ನು ಕೇಳಿದರೆ ಆ ಪುರದ ಜೀವನವೆಲ್ಲ ಕಣ್ಣಿಗೆ ಕಟ್ಟುವುದು. ದೊಡ್ಡಪೇಟೆಗೆ ಮಾತ್ರ ಆಂಗ್ಲರ ಕಾಲದಲ್ಲಿ ಅವೆನ್ಯೂ ರಸ್ತೆಯೆಂಬ ಹೆಸರು ಬಂದಿತು. ಆ ಶಬ್ದಕ್ಕೆ ಸಾಲುಮರಗಳ ಬೀದಿಯೆಂದು ಅರ್ಥ. ಇಂದು ಅಲ್ಲಿ ಮರವಿರಲಿ, ಮನುಷ್ಯನು ನಿಲ್ಲುವುದಕ್ಕೂ ಎಡೆ ದೊರೆಯುವುದು ಕಷ್ಟ!

ಇದೇ ಬೀದಿಯಲ್ಲಿ ರೈಸ್ ಸ್ಮಾರಕ ಚರ್ಚು ಇದೆ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸರ ಹೆಸರು ಅದಕ್ಕೆ. ಅವರ ಮಗನೇ ೧೮೩೭ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸರು, ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳ ಮೂಲಕ ಸಾವಿರಾರು ಶಾಸನಗಳನ್ನು ಬೆಳಕಿಗೆ ತಂದವರು. ಕನ್ನಡ ಓದುಗರು ಅಲ್ಲಿ ಒಂದು ನಿಮಿಷ ನಿಲ್ಲುವುದು ತಪ್ಪಲ್ಲ.

ಚಿಕ್ಕಪೇಟೆಯ ಕೂಡುದಾರಿಯಿಂದ ಪೂರ್ವಕ್ಕೆ ನಗರತಪೇಟೆಯ ಮೂಲಕ ಸಾಗಿದರೆ ಧರ್ಮರಾಯಸ್ವಾಮಿಯ ದೇವಸ್ಥಾನ. ಚೈತ್ರ ಪೂರ್ಣಿಮೆಯ ರಾತ್ರಿ ತಿಗಳರ ಕರಗವು ಇಲ್ಲಿಂದಲೇ ಹೊರಡುವುದು. ಸ್ತ್ರೀವೇಷದ ಪೂಜಾರಿಯು ಮಲ್ಲಿಗೆಯಿಂದ ಮುಚ್ಚಿದ ಕರಗವನ್ನು ಶಿರಸ್ಸಿನ ಮೇಲೆ ಹೊತ್ತು, ಬಿಚ್ಚುಗತ್ತಿಯ ವೀರಕುಮಾರರ ನಡುವೆ ಬೆಳಗಾಗುವ ತನಕ ಪೇಟೆಗಳನ್ನು ಸುತ್ತುತ್ತಾನೆ. ಅರಳೆಪೇಟೆಯ ಕಡೆ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿಬರುತ್ತಾನೆ. ಪೇಟೆಯ ಹಳೆಯ ನಕ್ಷೆಯನ್ನು ಪ್ರತಿ ವರ್ಷವೂ ಕಾಲಿನಿಂದ ಬರೆಯುವವನು ಇವನೊಬ್ಬನೇ. ಆದರೆ ಕರಗಕ್ಕೆ ಜಲವು ಬೇಕು. ಅದರ ವಿಧಿಗಳಿಗೆ ಸೇರಿದ ಸಂಪಂಗಿ ಕೆರೆಯ ಅಂಗಳದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಉಳಿದುದು ಒಂದು ಸಣ್ಣ ಕೊಳ. ಧರ್ಮಾಂಬುಧಿಯ ಮೇಲೆ ಬಸ್ಸುಗಳು ನಿಂತಿವೆ. ಸಿದ್ದಿಕಟ್ಟೆಯ ಮೇಲೆ ೧೯೨೧ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ಎದ್ದಿತು. ಊರು ಬೆಳೆಯಬೇಕಾದುದೇ, ಆದರೂ ತನ್ನ ನೀರನ್ನೇ ಮುಚ್ಚಿ ಬೆಳೆದುದನ್ನು ಜಾಣತನವೆನ್ನುವುದು ಹೇಗೆ?

ದೇವಸ್ಥಾನದಿಂದ ಹಲಸೂರು ಬಾಗಿಲಿನ ಎಡೆ ದೂರವಿಲ್ಲ. ೧೬೩೮ರಲ್ಲಿ ಬಿಜಾಪುರದವರಿಗೂ ೧೬೮೭ರಲ್ಲಿ ಮೊಗಲರಿಗೂ ಈ ಊರು ಸೇರಿತ್ತು. ಮೊಗಲರಿಂದ ಚಿಕ್ಕದೇವರಾಜ ಒಡೆಯರು ಇದನ್ನು ಮೂರು ಲಕ್ಷ ರೂಪಾಯಿಗಳಿಗೆ ಪಡೆದರೆಂದು ಪ್ರತೀತಿ. ಆದರೆ ಪೇಟೆಯ ನೆಲಕ್ಕೆ ಅತ್ಯಂತ ರಕ್ತ ಹರಿದುದು ೧೭೯೧ರ ಮಾರ್ಚಿ ೭ರಂದು. ಕಾರ್ನ್‌ವಾಲೀಸನ ಸೈನ್ಯವು ಕಂದಕವನ್ನೂ ಮುಳ್ಳಿನ ಬೇಲಿಯನ್ನೂ ದಾಟಿ ಈ ಬಾಗಿಲನ್ನು ಒಡೆಯಿತು. ಆಂಗ್ಲರ ಕರ್ನಲ್ ಮೂರ್‌ಹೌಸನು ಇಲ್ಲಿಯೇ ಬಿದ್ದನು. ಅದೇ ದಿನ ಟಿಪ್ಪುವಿನ ಸೈನಿಕರು ಪೇಟೆಯನ್ನು ಮರಳಿ ಪಡೆಯಲು ಬೀದಿಬೀದಿಗಳಲ್ಲಿ ಹೋರಾಡಿ ಹಿಮ್ಮೆಟ್ಟಿದರು. ಆಂಗ್ಲರು ತಮ್ಮವರಿಗಾಗಿ ಪೇಟೆಯ ಹೊರಗೆ ಒಂದು ಸ್ಮಾರಕಸ್ತಂಭವನ್ನು ನಿಲ್ಲಿಸಿದರು. ಅದರಲ್ಲಿ ಮಡಿದ ಆಂಗ್ಲ ಅಧಿಕಾರಿಗಳ ಹೆಸರುಗಳಿದ್ದುವು. ಊರನ್ನು ಕಾಯುತ್ತ ಸತ್ತವರಿಗೆ ಎಡೆಯಿರಲಿಲ್ಲ. ೧೯೬೪ರಲ್ಲಿ ಅದನ್ನು ಕೆಡವಲಾಯಿತು. ಆ ರಸ್ತೆಗೆ ಈಗ ನೃಪತುಂಗನ ಹೆಸರಿದೆ.

ಪೇಟೆ ಬಿದ್ದ ಹದಿನಾಲ್ಕನೆಯ ರಾತ್ರಿ, ಬೆಳುದಿಂಗಳಲ್ಲಿ, ದಕ್ಷಿಣದ ಕೋಟೆಯೂ ಬಿದ್ದಿತು. ಕಿಲ್ಲೇದಾರ ಬಹದ್ದೂರ್ ಖಾನನು ಕಾದಾಡುತ್ತ ಮಡಿದನು. ಹೈದರಾಲಿಯು ಕಲ್ಲಿನಿಂದ ಬಲಪಡಿಸಿದ ಆ ಕೋಟೆಯಲ್ಲಿ ಇಂದು ದೆಹಲಿ ಬಾಗಿಲೂ ಅದರ ಅಕ್ಕಪಕ್ಕದ ಅಲ್ಪಭಾಗವೂ ಉಳಿದಿವೆ. ಗೋಡೆ ಒಡೆದ ಸ್ಥಳವನ್ನು ಒಂದು ಕಲ್ಲು ತಿಳಿಸುವುದು. ಸ್ವಲ್ಪ ಮುಂದೆ ಚಿಕ್ಕದೇವರಾಜರ ಕಾಲದ ವೆಂಕಟರಮಣ ದೇವಾಲಯವೂ, ಹೈದರನು ಆರಂಭಿಸಿ ಟಿಪ್ಪುವು ೧೭೯೧ರಲ್ಲಿ ಮುಗಿಸಿದ ತೇಗದ ಕಂಬಗಳ ಅರಮನೆಯೂ ನೆರೆಹೊರೆಯಾಗಿ ನಿಂತಿವೆ. ಇಲ್ಲಿಗೆ ಬರುವಷ್ಟರಲ್ಲಿ ಕಾಲು ಸೋತಿದ್ದರೆ, ಪಶ್ಚಿಮಕ್ಕೆ ತಿರುಗಿ ೧೮೯೨ರಲ್ಲಿ ಹಾಕಿದ ಚಾಮರಾಜಪೇಟೆಯನ್ನು ಸೇರಬಹುದು. ಅಲ್ಲಿ ಬೀದಿಗಳು ನೇರ, ಹೆಸರುಗಳ ಬದಲು ಅಂಕೆಗಳು. ಸಾಹಿತ್ಯ ಪರಿಷತ್ತಿನ ಮಂದಿರವೂ ಅಲ್ಲಿಯೇ ಇದೆ.