ಟಪಾಲು ಕಾಣದ ಬರ್ಲಿನ್ ಅಂಚೆಚೀಟಿಗಳು

ಮಡಿಕೇರಿಯ 'ಸನ್ನಿಸೈಡ್' ಜನರಲ್ ಕೆ.ಎಸ್. ತಿಮ್ಮಯ್ಯನವರ ಮನೆ. 2021ರ ಫೆಬ್ರವರಿಯಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಎರಡನೇ ಮಹಾಯುದ್ಧದಲ್ಲಿ ಈ ಮನೆಯ ಅಣ್ಣತಮ್ಮಂದಿರು ಎದುರುಬದುರಾದ ಪಾಳೆಯಗಳಲ್ಲಿದ್ದರು. ತಿಮ್ಮಯ್ಯ ಬ್ರಿಟಿಷರ ಭಾರತೀಯ ಸೇನೆಯ ಅಧಿಕಾರಿಯಾಗಿ ಬರ್ಮಾ ರಣರಂಗದಲ್ಲಿದ್ದರೆ, ಅಣ್ಣ ಪೊನ್ನಪ್ಪ ಸೇರಿದ್ದು ಆಜಾದ್ ಹಿಂದ್ ಫೌಜನ್ನು. ಅಂಚೆಚೀಟಿ ಸಂಗ್ರಾಹಕರು ಈ ಎರಡು ದಾರಿಗಳನ್ನೂ ತಮ್ಮ ಆಲ್ಬಂನಲ್ಲಿ ಕಾಣಬಹುದು.

ಅಣ್ಣ ಸೇರಿದ ಆ ಚಳವಳಿಯ ಹೆಸರಿನಲ್ಲಿ 1943ರಲ್ಲಿ ಬರ್ಲಿನ್‌ನ ಸರಕಾರಿ ಮುದ್ರಣಾಲಯವು ಅಂಚೆಚೀಟಿಗಳನ್ನು ಅಚ್ಚು ಹಾಕಿತು. ಉಳುವ ರೈತ, ನೂಲುವ ಹೆಣ್ಣು, ಗಾಯಾಳುವನ್ನು ಆರೈಕೆ ಮಾಡುವ ದಾದಿ, ಭಾರತದ ನಕ್ಷೆಯ ಮೇಲೆ ತುಂಡಾದ ಸಂಕೋಲೆ - ಇವು ಅದರ ಚಿತ್ರಗಳು. ಬಿಡಿಸಿದವರು ಮಾತ್ರ ಜರ್ಮನ್ ಕಲಾವಿದರು! ಅದೇ ವರ್ಷದ ಫೆಬ್ರವರಿಯಲ್ಲಿ ಸುಭಾಷ್‌ಚಂದ್ರ ಬೋಸರು ಹೈದರಾಬಾದಿನ ಆಬಿದ್ ಹಸನ್ ಅವರೊಂದಿಗೆ ಕೀಲ್ ಬಂದರಿನಿಂದ ಜಲಾಂತರ್ಗಾಮಿಯಲ್ಲಿ ಪೂರ್ವಕ್ಕೆ ಹೊರಟರು. ಡಿಸೆಂಬರ್ 30ರಂದು ಪೋರ್ಟ್‌ಬ್ಲೇರ್‌ನಲ್ಲಿ ಧ್ವಜ ಹಾರಿಸಿದರು. ಅಂಡಮಾನಿನ ಆಡಳಿತ ಜಪಾನೀ ನೌಕಾಪಡೆಯ ಕೈಯಲ್ಲೇ ಉಳಿಯಿತು. ಬರ್ಲಿನ್‌ನ ಚೀಟಿಗಳು ಒಂದೇ ಒಂದು ಅಂಚೆ ಕಚೇರಿಯನ್ನೂ ಕಾಣಲಿಲ್ಲ.

ಆದ್ದರಿಂದಲೇ ಜರ್ಮನಿಯ ಮಿಷೆಲ್ ಕ್ಯಾಟಲಾಗ್, ಬಿಡುಗಡೆಯಾಗದ ಚೀಟಿಗಳಿಗೆ ಕೊಡುವ ರೋಮನ್ ಅಂಕಿಗಳನ್ನೇ ಇವುಗಳಿಗೂ ಕೊಟ್ಟಿದೆ. ಈ ಮಾಲೆಯ ಎಲ್ಲವೂ ದುಬಾರಿಯಲ್ಲ. ಮೂವರು ಸೈನಿಕರು ಬಾವುಟ ಹಿಡಿದು ನಿಂತ, ಒಂದು ರೂಪಾಯಿಯ ಮೇಲೆ ಎರಡು ರೂಪಾಯಿ ಹೆಚ್ಚುವರಿ ದೇಣಿಗೆಯ ಬಹುವರ್ಣದ ಚೀಟಿ ಮಾತ್ರ ನಿಜಕ್ಕೂ ವಿರಳ. ಯಾರಾದರೂ ಅಂಚೆ ಠಸ್ಸೆ ಬಿದ್ದ ಪ್ರತಿಯನ್ನು ತೋರಿಸಿ ಹೆಚ್ಚಿನ ಬೆಲೆ ಕೇಳಿದರೆ ಸಂಗ್ರಾಹಕರು ಎಚ್ಚರಿಕೆಯಿಂದಿರಬೇಕು. ಟಪಾಲಿನಲ್ಲಿ ಹೋಗದ ಚೀಟಿಗೆ ಠಸ್ಸೆ ಎಲ್ಲಿಂದ ಬರಬೇಕು?

ಈ ಚೀಟಿಗಳನ್ನು ನೋಡುವಾಗ ಹೆಮ್ಮೆಯ ಜೊತೆಗೆ ಕಸಿವಿಸಿಯೂ ಆಗುತ್ತದೆ. ನಮ್ಮ ಸಂಕೋಲೆ ಕಡಿಯುವ ಚಿತ್ರವನ್ನು ಅಚ್ಚು ಹಾಕಿದ್ದು ಅರ್ಧ ಯೂರೋಪಿಗೆ ಸಂಕೋಲೆ ತೊಡಿಸಿದ್ದ ಹಿಟ್ಲರನ ಸರಕಾರ. ಪೊನ್ನಪ್ಪನವರಂತೆ ಪ್ರಾಣವನ್ನೇ ಪಣಕ್ಕಿಟ್ಟವರ ಆಸೆ ಮಾತ್ರ ಸುಳ್ಳಾಗಿರಲಿಲ್ಲ.

ಇನ್ನು ತಮ್ಮನ ಚೀಟಿ. ಸೈಪ್ರಸ್‌ನಲ್ಲಿ ಗ್ರೀಕ್ ಕ್ರೈಸ್ತರಿಗೂ ತುರ್ಕಿ ಮುಸ್ಲಿಮರಿಗೂ ಕಾದಾಟ ಹತ್ತಿದಾಗ, 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿ ಹೋದವರು ತಿಮ್ಮಯ್ಯ. 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿದ್ದಾಗಲೇ ಅಲ್ಲಿ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಚಿತ್ರದ 50 ಮಿಲ್ಸ್ ಚೀಟಿಯನ್ನು ಹೊರತಂದಿತು. ಅದನ್ನು ಕೊಳ್ಳಲು ಸಂಗ್ರಾಹಕರು ದೊಡ್ಡ ಹಣ ತೆರಬೇಕಿಲ್ಲ. ಕೊಡಗಿನ ಆ ಮುಖದ ಪಕ್ಕದಲ್ಲಿ ದ್ವೀಪದ ಹೆಸರು ಗ್ರೀಕ್ ಭಾಷೆಯಲ್ಲೂ ಇದೆ, ತುರ್ಕಿ ಭಾಷೆಯಲ್ಲೂ ಇದೆ.