ಕಾಫಿ ಕೊಟ್ಟ ಪುಟ್ಟ ದ್ವೀಪ

ಬ್ರೆಜಿಲ್‌ನ ವಿಸ್ತೀರ್ಣ ಸುಮಾರು 85 ಲಕ್ಷ ಚದರ ಕಿಲೋಮೀಟರ್. ಹಿಂದೂ ಮಹಾಸಾಗರದಲ್ಲಿರುವ, ಫ್ರಾನ್ಸಿಗೆ ಸೇರಿದ ರಿಯೂನಿಯನ್ ದ್ವೀಪದ್ದು ಬರೀ 2,500ರಷ್ಟು. ಆದರೂ ಕಾಫಿಯ ಚರಿತ್ರೆಯಲ್ಲಿ ಕೊಟ್ಟ ಕೈ ದ್ವೀಪದ್ದೇ.

ಆಗ ಅದರ ಹೆಸರು ಬೂರ್ಬನ್. 1715ರಲ್ಲಿ ಫ್ರೆಂಚರು ಯೆಮನ್‌ನಿಂದ ಕಾಫಿ ಗಿಡಗಳನ್ನು ಅಲ್ಲಿಗೆ ತಂದರು. ಗುಲಾಮರ ಬೆವರಿನಲ್ಲಿ ತೋಟಗಳು ಹಬ್ಬಿದವು. 1806–07ರ ಚಂಡಮಾರುತಗಳು ಅವನ್ನು ಹಾಳುಗೆಡವಿದ ಮೇಲೆ ಬೆಳೆಗಾರರು ಕಬ್ಬಿನತ್ತ ಹೊರಳಿದರು.

ದ್ವೀಪದ ಕಾಫಿ ತಳಿ ಮಾತ್ರ ಉಳಿಯಿತು. 19ನೇ ಶತಮಾನದಲ್ಲಿ ಬ್ರೆಜಿಲ್ ಸೇರಿ, ಸಾವೊ ಪಾಲೊದ ಕೆಂಪು ಮಣ್ಣಿನಲ್ಲಿ ಹುಲುಸಾಗಿ ಬೆಳೆಯಿತು.

ಈ ಸಿರಿಯ ಹಿಂದಿನ ಕ್ರೌರ್ಯವನ್ನು ಮರೆಯಲಾಗದು. ದ್ವೀಪದ ಗುಲಾಮರಿಗೆ 1848ರಲ್ಲಿ ಬಿಡುಗಡೆ ಸಿಕ್ಕಿತು. ಬ್ರೆಜಿಲ್‌ನವರು 1888ರವರೆಗೆ ಕಾಯಬೇಕಾಯಿತು. ಬಳಿಕ ಬ್ರೆಜಿಲ್‌ನ ತೋಟಗಳಿಗೆ ದುಡಿಯಲು ಇಟಲಿಯ ವಲಸಿಗರು ಬಂದರು. ರಿಯೂನಿಯನ್ನಿನ ಕಬ್ಬಿನ ಗದ್ದೆಗಳಿಗಾಗಿ ಹಡಗು ಹತ್ತಿದವರಲ್ಲಿ ದಕ್ಷಿಣ ಭಾರತದ ತಮಿಳರೇ ಹೆಚ್ಚು.